ಪಿಕಪ್ ವಾಹನದ ಇಸಿಎಂ ಬದಲಿಸುವ ಮೊದಲು: ಮಲೆನಾಡಿನ ಬೆಳೆಗಾರರು ತಿಳಿದಿರಬೇಕಾದ ಅಂಶಗಳು

ಕಾಫಿ ಹಣ್ಣು ಯಾರಿಗಾಗಿಯೂ ಕಾಯುವುದಿಲ್ಲ. ಬೆಳಗ್ಗೆ ಕೊಯ್ದ ಹಣ್ಣು ಅದೇ ಸಂಜೆ ಪಲ್ಪರಿಗೆ ಬೀಳಬೇಕು. ಚೀಲದಲ್ಲಿಯೋ ರಾಶಿಯಲ್ಲಿಯೋ ರಾತ್ರಿ ಕಳೆದರೆ ಹಣ್ಣು ಬಿಸಿಯೇರಿ ಹುಳಿಯಲಾರಂಭಿಸುತ್ತದೆ. ವರ್ಷವಿಡೀ ಮಾಡಿದ ಕಸಿ, ಗೊಬ್ಬರ, ಸಿಂಪರಣೆ, ನೆರಳು ನಿರ್ವಹಣೆಗಳ ಫಲವು ಒಂದೇ ರಾತ್ರಿಯಲ್ಲಿ ದರ್ಜೆ ಕಳೆದುಕೊಳ್ಳುತ್ತದೆ. ಕಳಸ, ಹೊರನಾಡು, ಸಂಸೆ ಕಡೆಯ ಏರುತಗ್ಗಿನ ತೋಟಗಳಲ್ಲಿ ಈ ಹಣ್ಣನ್ನು ಕಣಕ್ಕೆ ತಲುಪಿಸುವ ಕೆಲಸ ಒಂದು ಕಾಲದಲ್ಲಿ ತಲೆಹೊರೆಯದೂ ಎತ್ತಿನ ಗಾಡಿಯದೂ ಆಗಿತ್ತು, ಆಮೇಲೆ ಜೀಪಿನದಾಯಿತು, ಈಗ ಬಹುಮಟ್ಟಿಗೆ ಪಿಕಪ್ ವಾಹನದ್ದಾಗಿದೆ. ಆದುದರಿಂದ ಪಿಕಪ್ ನಿಂತರೆ ಕೊಯ್ಲು ನಿಂತಂತೆಯೇ ಸರಿ.

ಬೇಸಾಯಶಾಸ್ತ್ರ ಓದಿದವನು ವಾಹನದ ವಿಚಾರ ಬರೆಯುವುದೇಕೆ ಎಂದು ನೀವು ಕೇಳಬಹುದು. ಕಾರಣ ಎರಡು. ಮೊದಲನೆಯದಾಗಿ, ಕೊಯ್ದ ಫಸಲನ್ನು ಕೆಡದಂತೆ ಸಾಗಿಸುವುದೂ ಬೇಸಾಯದ ಭಾಗವೇ. ಎರಡನೆಯದಾಗಿ, ಈ ವಿಷಯದಲ್ಲಿ ಸ್ವತಃ ಹಣ ಕಳೆದುಕೊಂಡು ಪಾಠ ಕಲಿತಿದ್ದೇನೆ. ಆ ಪಾಠ ನಿಮಗೆ ಪುಕ್ಕಟೆಯಾಗಿ ಸಿಗಲಿ ಎಂಬುದೇ ಈ ಲೇಖನದ ಉದ್ದೇಶ.

ನಮ್ಮ ಮನೆಯ ಅನುಭವ

ನಮ್ಮ ಅಣ್ಣನ ತೋಟ ಕಳಸದ ಸಮೀಪದಲ್ಲಿದೆ. ಕೆಲವು ವರ್ಷಗಳ ಹಿಂದೆ, ಡಿಸೆಂಬರ್ ತಿಂಗಳ ಅರೇಬಿಕಾ ಕೊಯ್ಲಿನ ಮಧ್ಯದಲ್ಲಿ, ಹಣ್ಣು ತುಂಬಿದ ಪಿಕಪ್ ಏರಿನಲ್ಲಿ ಇದ್ದಕ್ಕಿದ್ದಂತೆ ನಿಂತುಹೋಯಿತು. ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ ಹೊರಟಿತು. ಮರುದಿನ ಮತ್ತೆ ಅದೇ ಏರಿನಲ್ಲಿ ನಿಂತಿತು. ಹೊರಗಿನ ಪೇಟೆಯ ಒಂದು ಗ್ಯಾರೇಜಿನವರು ಸ್ಕ್ಯಾನರ್ ಹಾಕಿ ನೋಡಿದರು. ಒಂದಲ್ಲ, ಐದಾರು ದೋಷ ಸಂಕೇತಗಳು ಒಟ್ಟಿಗೆ ಬಂದವು. "ಇಷ್ಟೊಂದು ಒಟ್ಟಿಗೆ ಬಂದಿವೆ ಎಂದರೆ ಇಸಿಎಂ ಹೋಗಿದೆ, ಬದಲಿಸಲೇಬೇಕು" ಎಂದರು.

ಹೊಸ ಇಸಿಎಂ ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ಬಾಡಿಗೆ ವಾಹನಕ್ಕಾಗಿ ಅಲೆದಾಟ. ಕೊಯ್ಲಿನ ಕಾಲದಲ್ಲಿ ಬಾಡಿಗೆ ವಾಹನ ಸಿಗುವುದು ನಿಮಗೇ ಗೊತ್ತಿದೆ. ಎರಡು ದಿನದ ಹಣ್ಣು ಸಕಾಲದಲ್ಲಿ ಪಲ್ಪರಿಗೆ ಬೀಳದೆ ಚೆರ್ರಿಯಾಗಿ ಒಣಗಿಸಬೇಕಾಯಿತು. ಕೊನೆಗೆ ಹತ್ತಾರು ಸಾವಿರ ರೂಪಾಯಿ ಕೊಟ್ಟು ಹೊಸ ಇಸಿಎಂ ಹಾಕಿಸಿದ್ದಾಯಿತು. ಪಿಕಪ್ ಎರಡು ದಿನ ಚೆನ್ನಾಗಿ ಓಡಿತು. ಮೂರನೆಯ ದಿನ ಅದೇ ಏರಿನಲ್ಲಿ ನಿಂತಿತು.

ಆಗ ಅಣ್ಣ ಊರಿನ ಒಬ್ಬ ಆಟೋ ಎಲೆಕ್ಟ್ರಿಷಿಯನ್‌ನನ್ನು ಕರೆಸಿದ. ಆತ ಸ್ಕ್ಯಾನರ್ ತರಲಿಲ್ಲ, ಒಂದು ಮಲ್ಟಿಮೀಟರ್ ತಂದ. ಬ್ಯಾಟರಿಯ ಋಣ ತುದಿಗೂ ಎಂಜಿನ್ನಿನ ಕಬ್ಬಿಣಕ್ಕೂ ಮೀಟರಿನ ಎರಡು ಕಡ್ಡಿ ಹಿಡಿದು, "ಈಗ ಸ್ಟಾರ್ಟ್ ಮಾಡಿ ಮಾರಾಯ್ರೆ" ಎಂದ. ಮೀಟರು ಒಂದೂವರೆ ವೋಲ್ಟ್ ದಾಟಿತು. ಬ್ಯಾಟರಿ ತಟ್ಟೆಯ ಕೆಳಗಿನ ಅರ್ತ್ ಕೇಬಲ್ಲಿನ ತುದಿ ಬಿಚ್ಚಿದಾಗ ತಂತಿಯ ಎಳೆಗಳೆಲ್ಲ ಹಸಿರು ಕಿಲುಬು ಹಿಡಿದು ಪುಡಿಯಾಗಿದ್ದವು. ನಾಲ್ಕಾರು ಎಳೆಗಳು ಮಾತ್ರ ಉಳಿದಿದ್ದವು. ಹೊಸ ಕೇಬಲ್ ಹಾಕಲು ಆದ ಖರ್ಚು ಇಸಿಎಂ ಬೆಲೆಯ ಮುಂದೆ ಹೇಳುವಂಥದ್ದೇ ಅಲ್ಲ. ಆಮೇಲೆ ಪಿಕಪ್ ನಿಲ್ಲಲಿಲ್ಲ. ಹಳೆಯ ಇಸಿಎಂ ಅನ್ನು ಬೇರೆಡೆ ಪರೀಕ್ಷೆಗೆ ಕೊಟ್ಟಾಗ ಅದರಲ್ಲಿ ಯಾವ ದೋಷವೂ ಕಂಡುಬರಲಿಲ್ಲ.

ಹಾಗಾದರೆ ಹೊಸ ಇಸಿಎಂ ಹಾಕಿದ ಮೇಲೆ ಎರಡು ದಿನ ಹೇಗೆ ಓಡಿತು? ಅದನ್ನು ಹಾಕುವಾಗ ಬ್ಯಾಟರಿಯ ತಂತಿ ಬಿಚ್ಚಿ ಮತ್ತೆ ಬಿಗಿದಿದ್ದರು. ಆ ಅಲುಗಾಟದಿಂದ ಉಳಿದ ಎಳೆಗಳಿಗೆ ತಾತ್ಕಾಲಿಕವಾಗಿ ಸ್ಪರ್ಶ ಸಿಕ್ಕಿತ್ತು, ಅಷ್ಟೆ. ರಸ್ತೆಯ ಕುಲುಕಾಟದಿಂದ ಎರಡೇ ದಿನದಲ್ಲಿ ಅದು ಮತ್ತೆ ಸಡಿಲವಾಯಿತು. "ಬದಲಿಸಿದೆವು, ಸರಿಹೋಯಿತು" ಎಂಬ ಮಾತನ್ನು ಎರಡು ದಿನದ ಓಟ ನೋಡಿ ನಂಬಕೂಡದು ಎಂಬುದೇ ಇಲ್ಲಿನ ಮೊದಲ ಪಾಠ.

ಇಸಿಎಂ ಎಂದರೇನು?

ಹಿಂದಿನ ಡೀಸೆಲ್ ಎಂಜಿನ್ನುಗಳಲ್ಲಿ ಎಣ್ಣೆಯನ್ನು ಅಳೆದು ಸಿಂಪಡಿಸುವ ಕೆಲಸವನ್ನು ಯಾಂತ್ರಿಕ ಪಂಪು ಮಾಡುತ್ತಿತ್ತು. ನಮ್ಮ ಕಡೆ ಅದಕ್ಕೆ ಮೈಕೋ ಪಂಪು ಎಂದೇ ಹೆಸರು. ಮೈಕೋ ಎಂದರೆ 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ. ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಿಂದ ಈ ಹೆಸರು ಹಳ್ಳಿಹಳ್ಳಿಗೆ ತಲುಪಿತು. 2008ರಲ್ಲಿ ಆ ಕಂಪನಿಗೆ ಬಾಷ್ ಲಿಮಿಟೆಡ್ ಎಂದು ಹೊಸ ಹೆಸರಾಯಿತು. ಮೈಕೋ ಪಂಪಿನ ಎಂಜಿನ್ನಿಗೆ ಎಣ್ಣೆ, ಗಾಳಿ, ಸೆಲ್ಫ್ ಇವು ಮೂರು ಸರಿಯಿದ್ದರೆ ಸಾಕಾಗಿತ್ತು. ಒಮ್ಮೆ ಹೊರಟರೆ ಬ್ಯಾಟರಿ ಕೈಕೊಟ್ಟರೂ ಮನೆ ಸೇರಿಸುತ್ತಿತ್ತು.

ಹೊಗೆಯ ನಿಯಮಗಳು ಬಿಗಿಯಾದಂತೆ ಈ ಪದ್ಧತಿ ಬದಲಾಯಿತು. ಭಾರತ್ ಸ್ಟೇಜ್ 4 ನಿಯಮ 2017ರ ಏಪ್ರಿಲ್ 1ರಿಂದ ದೇಶದಾದ್ಯಂತವೂ, ಭಾರತ್ ಸ್ಟೇಜ್ 6 ನಿಯಮ 2020ರ ಏಪ್ರಿಲ್ 1ರಿಂದಲೂ ಜಾರಿಗೆ ಬಂದವು. ಇಂದಿನ ಡೀಸೆಲ್ ಪಿಕಪ್‌ಗಳಲ್ಲಿ ಇರುವುದು ಕಾಮನ್ ರೈಲ್ ಪದ್ಧತಿ. ಇದರಲ್ಲಿ ಎಣ್ಣೆಯನ್ನು 1,600 ಬಾರ್ ಅಥವಾ ಅದಕ್ಕೂ ಹೆಚ್ಚಿನ ಒತ್ತಡದಲ್ಲಿ ಒಂದು ಕೊಳವೆಯಲ್ಲಿ ಹಿಡಿದಿಟ್ಟು, ಪ್ರತಿ ಇಂಜೆಕ್ಟರನ್ನು ವಿದ್ಯುತ್ತಿನಿಂದ ತೆರೆದು ಮುಚ್ಚಲಾಗುತ್ತದೆ. ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ತೀರ್ಮಾನಿಸುವ ಪುಟ್ಟ ಕಂಪ್ಯೂಟರೇ ಇಸಿಎಂ. ಕ್ರ್ಯಾಂಕ್ ಸೆನ್ಸರ್, ಕ್ಯಾಮ್ ಸೆನ್ಸರ್, ರೈಲಿನ ಒತ್ತಡದ ಸೆನ್ಸರ್, ನೀರಿನ ಶಾಖದ ಸೆನ್ಸರ್, ಎಕ್ಸಲರೇಟರ್ ಪೆಡಲಿನ ಸೆನ್ಸರ್ ಇವು ಅದರ ಕಣ್ಣು ಕಿವಿಗಳು.

ಇಲ್ಲಿ ಒಂದು ಎಚ್ಚರಿಕೆ. ಹಳೆಯ ಎಂಜಿನ್ನಿನಲ್ಲಿ ಗಾಳಿ ತೆಗೆಯಲು ಇಂಜೆಕ್ಟರಿನ ನಟ್ ಸಡಿಲಿಸುವ ರೂಢಿ ನಮ್ಮ ಚಾಲಕರಿಗಿದೆ. ಕಾಮನ್ ರೈಲ್ ಎಂಜಿನ್ನಿನಲ್ಲಿ ಹೀಗೆ ಎಂದಿಗೂ ಮಾಡಕೂಡದು. ಕಾರಿನ ಟೈರಿನ ಗಾಳಿಯ ಒತ್ತಡ ಸುಮಾರು 2 ಬಾರ್ ಮಾತ್ರ ಎಂಬುದನ್ನು ನೆನೆದರೆ 1,600 ಬಾರ್ ಎಂದರೇನೆಂದು ತಿಳಿಯುತ್ತದೆ. ಆ ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಲಕ್ಷಣ ಬೇರೆ, ರೋಗ ಬೇರೆ

ಗಿಡದ ಎಲೆ ಹಳದಿಯಾಯಿತೆಂದು ಕೂಡಲೇ ಯೂರಿಯಾ ಹಾಕುವವರನ್ನು ನಾವೆಲ್ಲ ನೋಡಿದ್ದೇವೆ. ಸಾರಜನಕದ ಕೊರತೆಯಾದರೆ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ, ಕಬ್ಬಿಣದ ಕೊರತೆಯಾದರೆ ಹೊಸ ಎಲೆ. ಬೇರಿನ ಬಳಿ ನೀರು ನಿಂತರೂ ಹಳದಿ, ಬೇರು ಕೊಳೆತರೂ ಹಳದಿ. ಅರೇಬಿಕಾ ಕಾಂಡದೊಳಗೆ ಬಿಳಿ ಕಾಂಡಕೊರಕ ಸೇರಿದ್ದರೂ ಮೇಲೆ ಕಾಣುವುದು ಹಳದಿ ಎಲೆಯೇ. ಎಲೆ ದೂರು ಹೇಳುತ್ತದೆ, ಕಾರಣ ಹೇಳುವುದಿಲ್ಲ.

ಸ್ಕ್ಯಾನರಿನ ದೋಷ ಸಂಕೇತವೂ ಹೀಗೆಯೇ. ಯು 0100 ಎಂದು ಬಂದರೆ "ಇಸಿಎಂ ಜೊತೆ ಸಂಪರ್ಕ ತಪ್ಪಿದೆ" ಎಂದು ಅರ್ಥ. ಇಸಿಎಂ ಕೆಟ್ಟಿದೆ ಎಂದಲ್ಲ. ಅದಕ್ಕೆ ವಿದ್ಯುತ್ ಸಿಗದಿದ್ದರೂ, ಅರ್ತ್ ಇಲ್ಲದಿದ್ದರೂ, ಸಂಪರ್ಕದ ತಂತಿ ತುಂಡಾಗಿದ್ದರೂ ಅದೇ ಸಂಕೇತ ಬರುತ್ತದೆ. ಪಿ 0562 ಎಂದರೆ ವೋಲ್ಟೇಜ್ ಕಡಿಮೆಯಾಗಿದೆ ಎಂದು. ಪಿ 0335 ಎಂದರೆ ಕ್ರ್ಯಾಂಕ್ ಸೆನ್ಸರಿನ ಮಂಡಲದಲ್ಲಿ ದೋಷ ಎಂದು. ಮಂಡಲವೆಂದರೆ ಸೆನ್ಸರ್, ಅದರ ಪ್ಲಗ್ಗು, ತಂತಿ ಎಲ್ಲವೂ ಸೇರುತ್ತದೆ. ಪಿ 0606 ಬಂದರೆ ಮಾತ್ರ ಇಸಿಎಂ ಒಳಗಿನ ಸಂಸ್ಕಾರಕದ ಕಡೆ ಬೆರಳು ತೋರಿಸಿದಂತಾಗುತ್ತದೆ. ಆಗಲೂ ವಿದ್ಯುತ್ತು ಮತ್ತು ಅರ್ತ್ ಸರಿಯಿವೆಯೇ ಎಂದು ಮೊದಲು ನೋಡಬೇಕು. ನಮ್ಮ ಪಿಕಪ್‌ನಲ್ಲಿ ಬಂದ ಐದಾರು ಸಂಕೇತಗಳಲ್ಲಿ ಪಿ 0562 ಕೂಡ ಇತ್ತು. ಅದನ್ನು ಯಾರೂ ಗಣನೆಗೆ ತೆಗೆದುಕೊಂಡಿರಲಿಲ್ಲ.

ಒಂದು ಮಾತು ನೆನಪಿಡಿ. ಸಂಬಂಧವಿಲ್ಲದ ಅನೇಕ ದೋಷಗಳು ಒಟ್ಟಿಗೆ ಕಾಣಿಸಿಕೊಂಡರೆ ಅವೆಲ್ಲಕ್ಕೂ ಸಾಮಾನ್ಯವಾದ ಮೂಲವನ್ನು ಹುಡುಕಬೇಕು. ಹಳ್ಳದ ನೀರು ಬಗ್ಗಡವಾದರೆ ಪ್ರತಿ ಮನೆಯ ಕೊಡವನ್ನು ತೊಳೆದು ಪ್ರಯೋಜನವಿಲ್ಲ.

ಪರೀಕ್ಷೆಯ ಕ್ರಮ

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿ ಎಂದು ನಾವು ಹೇಳುವಂತೆಯೇ, ಕೆಳಗಿನ ಪರೀಕ್ಷೆಗಳನ್ನು ಮಾಡಿಸದೆ ಇಸಿಎಂ ಬದಲಿಸಲು ಒಪ್ಪಬೇಡಿ. ಇವುಗಳಲ್ಲಿ ಮೊದಲ ನಾಲ್ಕನ್ನು ಒಂದು ಸಾಧಾರಣ ಮಲ್ಟಿಮೀಟರಿನಿಂದ ನೀವೇ ಮಾಡಬಹುದು.

1. ಬ್ಯಾಟರಿ: ಎಂಜಿನ್ ನಿಂತು ಕೆಲವು ಗಂಟೆಗಳಾದ ಮೇಲೆ ಪೂರ್ಣ ಚಾರ್ಜಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ ಅದು 9.6 ವೋಲ್ಟಿಗಿಂತ ಕೆಳಗಿಳಿಯಬಾರದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಇದು ಸರಿಯಿಲ್ಲದೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

2. ದೀಪ, ಫ್ಯೂಸ್, ರಿಲೇ: ಕೀ ಆನ್ ಮಾಡಿದಾಗ ಎಂಜಿನ್ ಚಿತ್ರದ ದೀಪ ಹತ್ತಬೇಕು. ಹತ್ತದಿದ್ದರೆ ಇಸಿಎಂಗೆ ವಿದ್ಯುತ್ತೇ ತಲುಪದಿರುವ ಸಂಭವ ಹೆಚ್ಚು. ಇಸಿಎಂ ಫ್ಯೂಸುಗಳನ್ನೂ ಮುಖ್ಯ ರಿಲೇಯನ್ನೂ ನೋಡಿ. ಫ್ಯೂಸನ್ನು ಕಣ್ಣಳತೆಯಲ್ಲಿ ನಂಬದೆ ಮೀಟರಿನಿಂದ ಪರೀಕ್ಷಿಸಿ. ಅದರ ಕಾಲುಗಳಲ್ಲಿ ಕಿಲುಬು ಇದೆಯೇ ಎಂಬುದನ್ನೂ ಗಮನಿಸಿ.

3. ಅರ್ತ್: ಮೀಟರನ್ನು ಡಿ.ಸಿ. ವೋಲ್ಟಿಗಿಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಹಿಡಿಯಿರಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಮೀಟರು ಅರ್ಧ ವೋಲ್ಟ್ ದಾಟಿದರೆ ಅರ್ತ್ ಕೇಬಲ್ಲಿನಲ್ಲಿ ದೋಷವಿದೆ. ಇದೇ ರೀತಿ ಚಾಸಿಗೂ ಪರೀಕ್ಷಿಸಿ.

ಇಲ್ಲಿ ಓಮ್ ಮಾಪನ ಮೋಸ ಮಾಡುತ್ತದೆ. ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರಿನ ಅತ್ಯಲ್ಪ ವಿದ್ಯುತ್ ಹರಿದು "ಸರಿಯಿದೆ" ಎನ್ನುತ್ತದೆ. ಆದರೆ ಸೆಲ್ಫ್ ಮೋಟಾರು 200 ಆಂಪಿಯರ್ ಎಳೆಯುವಾಗ, ಒಂದು ಓಮಿನ ನೂರನೇ ಒಂದು ಭಾಗದಷ್ಟು ತಡೆ ಇದ್ದರೂ 2 ವೋಲ್ಟ್ ಅಲ್ಲೇ ನಷ್ಟವಾಗುತ್ತದೆ. ಹೂಮಳೆ ಬಾರದ ವರ್ಷ ಸ್ಪ್ರಿಂಕ್ಲರ್ ಹಾಕುವಾಗ ನೀವು ಕಂಡಿರಬಹುದು. ಪೈಪಿನಲ್ಲಿ ಕಸ ಕಟ್ಟಿದ್ದರೂ ವಾಲ್ವ್ ಮುಚ್ಚಿದಾಗ ಒತ್ತಡ ಪೂರ್ತಿ ತೋರಿಸುತ್ತದೆ. ವಾಲ್ವ್ ತೆರೆದು ನೀರು ಹರಿದಾಗಲೇ ನಿಜ ತಿಳಿಯುವುದು.

4. ಪ್ಲಗ್ಗು ಮತ್ತು ತಂತಿ: ಬ್ಯಾಟರಿಯ ಋಣ ತಂತಿ ಬಿಚ್ಚಿ, ಇಸಿಎಂ ಪ್ಲಗ್ಗನ್ನು ಕಳಚಿ ನೋಡಿ. ನೀರಿನ ಪಸೆ, ಹಸಿರು ಕಿಲುಬು, ಬಾಗಿದ ಪಿನ್ನು ಇವೆಯೇ? ತಂತಿಯ ಕಟ್ಟು ಎಲ್ಲಿಯಾದರೂ ಕಬ್ಬಿಣಕ್ಕೆ ಉಜ್ಜುತ್ತಿದೆಯೇ? ಇಲಿ ಕಡಿದಿದೆಯೇ? ಕಾಫಿ ಗೋದಾಮಿನ ಪಕ್ಕ ನಿಲ್ಲುವ ವಾಹನಕ್ಕೆ ಇಲಿಯ ಕಾಟ ತಪ್ಪಿದ್ದಲ್ಲ.

5. ಐದು ವೋಲ್ಟಿನ ಸರಬರಾಜು: ಹಲವು ಸೆನ್ಸರುಗಳಿಗೆ ಇಸಿಎಂ 5 ವೋಲ್ಟ್ ಕೊಡುತ್ತದೆ. ಒಂದು ಸೆನ್ಸರ್ ಶಾರ್ಟ್ ಆದರೆ ಅದೇ ಸಾಲಿನ ಎಲ್ಲ ಸೆನ್ಸರುಗಳೂ ಸತ್ತಂತೆ ಕಾಣುತ್ತವೆ. ತಿಳಿದ ಮೆಕ್ಯಾನಿಕ್ ಒಂದೊಂದೇ ಸೆನ್ಸರಿನ ಪ್ಲಗ್ಗು ತೆಗೆಯುತ್ತ ಹೋಗುತ್ತಾನೆ. ಯಾವುದನ್ನು ತೆಗೆದಾಗ 5 ವೋಲ್ಟ್ ಮರಳುತ್ತದೆಯೋ ಅದೇ ಅಪರಾಧಿ.

6. ಸಂಪರ್ಕದ ತಂತಿ: ಇಸಿಎಂ ಮತ್ತು ಇತರ ಘಟಕಗಳು ಕ್ಯಾನ್ ಎಂಬ ಜೋಡಿ ತಂತಿಯಲ್ಲಿ ಮಾತನಾಡುತ್ತವೆ. ಬ್ಯಾಟರಿ ಬಿಚ್ಚಿ, ಸ್ಕ್ಯಾನರ್ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವೆ ಅಳೆದರೆ ಸಾಮಾನ್ಯವಾಗಿ 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಕಡಿದಿರಬಹುದು, ಸೊನ್ನೆಯ ಹತ್ತಿರ ಬಂದರೆ ತಂತಿಗಳು ಒಂದಕ್ಕೊಂದು ತಾಗಿರಬಹುದು.

ಇವೆಲ್ಲವೂ ಸರಿಯಿದ್ದು, ಪ್ಲಗ್ಗಿನವರೆಗೆ ವಿದ್ಯುತ್ತೂ ಅರ್ತೂ ಬಂದು, ಆದರೂ ಇಸಿಎಂ ಸ್ಕ್ಯಾನರಿಗೆ ಉತ್ತರಿಸದಿದ್ದರೆ ಅಥವಾ ಇಂಜೆಕ್ಟರುಗಳಿಗೆ ಆಜ್ಞೆ ಕೊಡದಿದ್ದರೆ ಮಾತ್ರ ಅದು ಕೆಟ್ಟಿದೆ ಎಂದು ತೀರ್ಮಾನಿಸಬಹುದು. ಇಸಿಎಂ ತಂತಿಗಳನ್ನು ಕಿಡಿ ಹಾರಿಸಿ ನೋಡುವ ಅಥವಾ ದೊಡ್ಡ ಬಲ್ಬು ಹಚ್ಚಿ ನೋಡುವ ಹಳೆಯ ಪದ್ಧತಿಯನ್ನು ಅನುಸರಿಸಕೂಡದು. ಸರಿಯಿದ್ದ ಇಸಿಎಂ ಕೂಡ ಆಗ ಸುಟ್ಟುಹೋದೀತು.

ಕೆಟ್ಟದ್ದು ಏಕೆ ಕೆಟ್ಟಿತು?

ಬೇರು ರೋಗದಿಂದ ಸತ್ತ ಕಾಫಿ ಗಿಡವನ್ನು ಕಿತ್ತು, ಗುಂಡಿಗೆ ಉಪಚಾರ ಮಾಡದೆ ಅಲ್ಲೇ ಹೊಸ ಸಸಿ ನೆಟ್ಟರೆ ಅದೂ ಸಾಯುತ್ತದೆ. ಇಸಿಎಂ ವಿಷಯವೂ ಹಾಗೆಯೇ. ನಿಜವಾಗಿ ಕೆಟ್ಟಿದ್ದರೆ ಕಾರಣ ತಿಳಿಯದೆ ಹೊಸದನ್ನು ಹಾಕಿಸಬೇಡಿ. ಮುಖ್ಯ ಕಾರಣಗಳು ಇವು:

ನೀರು: 2019ರ ಆಗಸ್ಟ್ ತಿಂಗಳ ಮಳೆಯನ್ನೂ, ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಉಕ್ಕಿ ಹರಿದ ದಿನಗಳನ್ನೂ ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ನೀರು ಮೇಲಿನಿಂದಲೇ ಬರಬೇಕೆಂದಿಲ್ಲ. ಸೀಳಿದ ತಂತಿಯ ಹೊದಿಕೆಯೊಳಗೆ ಇಳಿದ ನೀರು ತಂತಿಗುಂಟ ಹರಿದು ಪ್ಲಗ್ಗನ್ನು ತಲುಪುತ್ತದೆ.

ವೆಲ್ಡಿಂಗ್: ಪಿಕಪ್‌ಗೆ ಕಟಾಂಜನ ಏರಿಸುವುದು, ಹುಕ್ಕು ಕೂರಿಸುವುದು ನಮ್ಮಲ್ಲಿ ಸಾಮಾನ್ಯ. ಬ್ಯಾಟರಿ ಬಿಚ್ಚದೆ, ಇಸಿಎಂ ಪ್ಲಗ್ಗು ತೆಗೆಯದೆ ವೆಲ್ಡಿಂಗ್ ಮಾಡಿಸಿದರೆ ಅದರ ವಿದ್ಯುತ್ ಇಸಿಎಂ ಮೂಲಕ ದಾರಿ ಹುಡುಕಬಹುದು. ವೆಲ್ಡಿಂಗಿನ ಅರ್ತ್ ಹಿಡಿಕೆಯನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಕಚ್ಚಿಸಬೇಕು.

ತಪ್ಪು ಬ್ಯಾಟರಿ ಜೋಡಣೆ: ಧನ ಋಣ ತಿರುಗುಮುರುಗಾಗುವುದು, 24 ವೋಲ್ಟಿನ ಲಾರಿಯಿಂದ ವಿದ್ಯುತ್ ಪಡೆಯುವುದು, ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ತಂತಿ ಬಿಚ್ಚುವುದು ಇವು ಮೂರೂ ಅಪಾಯಕಾರಿ.

ಶಾರ್ಟ್ ಆದ ಇಂಜೆಕ್ಟರ್ ಅಥವಾ ವಾಲ್ವ್: ಇವು ಇಸಿಎಂ ಒಳಗಿನ ವಿದ್ಯುತ್ ಭಾಗವನ್ನು ಸುಡುತ್ತವೆ. ಇವನ್ನು ಸರಿಪಡಿಸದೆ ಹೊಸ ಇಸಿಎಂ ಹಾಕಿದರೆ ಕೀ ತಿರುಗಿಸಿದೊಡನೆ ಅದೂ ಸುಡಬಹುದು.

ಮೈಲುತುತ್ತ: ಇದು ನಮ್ಮ ತೋಟಗಳದೇ ವಿಶೇಷ ಕಾರಣ. ಎಲೆ ತುಕ್ಕು ರೋಗಕ್ಕೆ ಕಾಫಿಗೆ ಶೇ. 0.5ರ, ಕೊಳೆರೋಗಕ್ಕೆ ಅಡಿಕೆಗೆ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. ದ್ರಾವಣ ಹದವಾಗಿದೆಯೇ ಎಂದು ನೋಡಲು ಹೊಳೆಯುವ ಚಾಕು ಅದ್ದುತ್ತೀರಿ. ಸುಣ್ಣ ಕಡಿಮೆಯಾಗಿದ್ದರೆ ಚಾಕುವಿಗೆ ಕೆಂಪು ತಾಮ್ರ ಹತ್ತುತ್ತದೆ, ಅಂದರೆ ಕಬ್ಬಿಣ ಕರಗಿ ತಾಮ್ರ ಕೂರುತ್ತದೆ. ಮೈಲುತುತ್ತದ ನೀರು ಪಿಕಪ್‌ನಲ್ಲಿ ಚೆಲ್ಲಿದಾಗ ಅರ್ತ್ ಬೋಲ್ಟಿನ ಮೇಲೂ ಇದೇ ನಡೆಯುತ್ತದೆ. ಗೊಬ್ಬರದ ಚೀಲದಿಂದ ಉದುರಿದ ಪೊಟ್ಯಾಷ್ ಉಪ್ಪು ಗಾಳಿಯ ತೇವ ಹೀರಿ ಕಿಲುಬನ್ನು ಹೆಚ್ಚಿಸುತ್ತದೆ. ನಮ್ಮ ಅಣ್ಣನ ಪಿಕಪ್‌ನಲ್ಲಿ ಸಿಂಪರಣೆಯ ಡ್ರಮ್ಮು ಸಾಗಿಸಿ, ಆಮೇಲೆ ಪವರ್ ಸ್ಪ್ರೇಯರಿನಿಂದಲೇ ಎಂಜಿನ್ ತೊಳೆಯುವ ವಾಡಿಕೆ ಇತ್ತು. ಅದೇ ಸ್ಪ್ರೇಯರು, ಅದೇ ಕೊಳವೆ, ಒಳಗೆ ಉಳಿದ ಅದೇ ಮೈಲುತುತ್ತ. ಇದನ್ನು ಸಲಹೆ ಕೊಡಬೇಕಾದ ನಾನೇ ಎಷ್ಟೋ ಸಲ ಪಕ್ಕದಲ್ಲಿ ನಿಂತು ನೋಡಿದ್ದೆ.

ಬದಲಿಸುವ ಕ್ರಮ

ಬದಲಿಸಲೇಬೇಕಾದಾಗ ಕೆಳಗಿನ ಅಂಶಗಳನ್ನು ಪಾಲಿಸಬೇಕು.

1. ಹಳೆಯ ಇಸಿಎಂ ಮೇಲಿನ ಚೀಟಿಯಲ್ಲಿರುವ ಎಲ್ಲ ಸಂಖ್ಯೆಗಳನ್ನು ಬರೆದುಕೊಳ್ಳಿ. ಒಂದೇ ಮಾದರಿಯ ವಾಹನಕ್ಕೂ ತಯಾರಾದ ವರ್ಷಕ್ಕೆ ತಕ್ಕಂತೆ ಬೇರೆ ಬೇರೆ ಇಸಿಎಂ ಇರುತ್ತದೆ. ಆಕಾರ ಒಂದೇ ಇದ್ದ ಮಾತ್ರಕ್ಕೆ ಹೊಂದುವುದಿಲ್ಲ.

2. ಹಳೆಯದು ಇನ್ನೂ ಸ್ಕ್ಯಾನರಿಗೆ ಉತ್ತರಿಸುತ್ತಿದ್ದರೆ ಅದರಲ್ಲಿರುವ ಚಾಸಿ ಸಂಖ್ಯೆ, ಇಂಜೆಕ್ಟರುಗಳ ಸಂಕೇತ ಮುಂತಾದ ಮಾಹಿತಿಯನ್ನು ಮೊದಲು ತೆಗೆದಿಡಬೇಕು. ಬಹಳಷ್ಟು ಕಾಮನ್ ರೈಲ್ ಇಂಜೆಕ್ಟರುಗಳ ಮೇಲೆ ಪ್ರತ್ಯೇಕ ಸಂಕೇತ ಕೊರೆದಿರುತ್ತದೆ. ಅದನ್ನು ಹೊಸ ಇಸಿಎಂಗೆ ತಿಳಿಸದಿದ್ದರೆ ಎಂಜಿನ್ ಬಡಿಯುತ್ತದೆ, ಹೊಗೆಯುಗುಳುತ್ತದೆ.

3. ವಾಹನದ ಎಲ್ಲ ಕೀಗಳನ್ನೂ ನೋಂದಣಿ ಪತ್ರವನ್ನೂ ಗ್ಯಾರೇಜಿಗೆ ಒಯ್ಯಿರಿ. ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಇರುವ ವಾಹನದಲ್ಲಿ ಕೀ ಮತ್ತು ಇಸಿಎಂ ಒಂದನ್ನೊಂದು ಗುರುತಿಸಬೇಕು. ಮನೆಯಲ್ಲುಳಿದ ಎರಡನೆಯ ಕೀ ಆಮೇಲೆ ಕೆಲಸಕ್ಕೆ ಬಾರದೆ ಹೋದೀತು.

4. ಕೀ ಆಫ್ ಮಾಡಿ ಕೆಲವು ನಿಮಿಷ ಕಾಯಬೇಕು. ಇಸಿಎಂ ತನ್ನ ಲೆಕ್ಕ ಬರೆದಿಟ್ಟು ಮಲಗಲು ಸ್ವಲ್ಪ ಹೊತ್ತು ಬೇಕು. ಅನಂತರ ಬ್ಯಾಟರಿಯ ಋಣ ತಂತಿಯನ್ನು ಮೊದಲು ಬಿಚ್ಚಬೇಕು. ಮರಳಿ ಜೋಡಿಸುವಾಗ ಋಣ ತಂತಿ ಕೊನೆಗೆ.

5. ಪ್ಲಗ್ಗಿನ ಹಿಡಿಕೆಯನ್ನು ತಿರುಗಿಸಿ ಬಿಡಿಸಬೇಕು, ತಂತಿ ಹಿಡಿದು ಎಳೆಯಬಾರದು. ಹೊಸದನ್ನು ಮುಟ್ಟುವ ಮೊದಲು ವಾಹನದ ಬರಿಯ ಲೋಹವನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆಯಬೇಕು. ಪಿನ್ನುಗಳಿಗೆ ಬೆರಳು ತಾಗಿಸಬಾರದು.

6. ಮೊದಲಿದ್ದ ಜಾಗದಲ್ಲೇ, ಮೊದಲಿದ್ದ ದಿಕ್ಕಿನಲ್ಲೇ, ಎಲ್ಲ ಬೋಲ್ಟುಗಳನ್ನೂ ಹಾಕಿ ಬಿಗಿಯಬೇಕು. ತಂತಿ ಪ್ಲಗ್ಗಿಗೆ ಸೇರುವ ಮುಂಚೆ ಸ್ವಲ್ಪ ಕೆಳಕ್ಕೆ ಬಾಗಿ ಮೇಲೇರಲಿ. ಆಗ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

7. ಮಾಹಿತಿ ತುಂಬುವಾಗ ಬ್ಯಾಟರಿಗೆ ಸ್ಥಿರವಾದ ಚಾರ್ಜರ್ ಜೋಡಿಸಿರಬೇಕು. ನಡುವೆ ವೋಲ್ಟೇಜ್ ಕುಸಿದರೆ ಹೊಸ ಇಸಿಎಂ ಅಲ್ಲೇ ಕೆಟ್ಟುಹೋಗುವ ಅಪಾಯವಿದೆ. ವಿದ್ಯುತ್ ಪದೇ ಪದೇ ಹೋಗುವ ದಿನ ಈ ಕೆಲಸ ಬೇಡ.

8. ಕೆಲಸ ಮುಗಿದ ಮೇಲೆ ಹಳೆಯ ಸಂಕೇತಗಳನ್ನು ಅಳಿಸಿ, ಭಾರ ಹೇರಿ, ಏರಿನಲ್ಲಿ ಓಡಿಸಿ, ಮತ್ತೊಮ್ಮೆ ಸ್ಕ್ಯಾನರ್ ಹಾಕಿಸಿ. ಅರ್ತ್ ಪರೀಕ್ಷೆಯನ್ನೂ ಇನ್ನೊಮ್ಮೆ ಮಾಡಿಸಿ.

9. ಹಳೆಯ ಇಸಿಎಂ ಅನ್ನು ಕೇಳಿ ಪಡೆಯಿರಿ. ಬಿಲ್ಲು, ಖಾತರಿ ಚೀಟಿ, ಬದಲಿಸಲು ಕಾರಣವೇನೆಂಬ ಬರಹ ಇವು ನಿಮ್ಮ ಬಳಿ ಇರಲಿ. ಒಮ್ಮೆ ಹಾಕಿದ ಎಲೆಕ್ಟ್ರಾನಿಕ್ ಭಾಗವನ್ನು ಅಂಗಡಿಯವರು ಸಾಮಾನ್ಯವಾಗಿ ಹಿಂದಕ್ಕೆ ಪಡೆಯುವುದಿಲ್ಲ. ಆದುದರಿಂದ ಕೇಳಬೇಕಾದುದನ್ನೆಲ್ಲ ಆರ್ಡರ್ ಕೊಡುವ ಮೊದಲೇ ಕೇಳಬೇಕು. ವಾಹನ ಇನ್ನೂ ಖಾತರಿ ಅವಧಿಯಲ್ಲಿದ್ದರೆ ಹೊರಗೆ ಬಿಚ್ಚಿಸದೆ ಕಂಪನಿಯ ಅಧಿಕೃತ ಗ್ಯಾರೇಜಿಗೇ ಒಯ್ಯಿರಿ.

ಬಳಸಿದ ಇಸಿಎಂ ಕಡಿಮೆ ಬೆಲೆಗೆ ಸಿಗುತ್ತದೆಂದು ಕೆಲವರು ತರುವುದುಂಟು. ಸಂಖ್ಯೆಗಳೆಲ್ಲ ಹೊಂದಿದರೂ ಅದು ಹಳೆಯ ವಾಹನದ ಕೀಗೆ ಬೀಗ ಹಾಕಿಕೊಂಡಿರಬಹುದು. ಆ ಬೀಗ ತೆಗೆದು ನಿಮ್ಮ ವಾಹನಕ್ಕೆ ಹೊಂದಿಸಿ ಓಡಿಸಿ ತೋರಿಸಿದ ಮೇಲೆಯೇ ಹಣ ಕೊಡುವ ಕರಾರು ಮಾಡಿಕೊಳ್ಳಿ. ನೀರು ಹೊಕ್ಕ ಇಸಿಎಂ ಅನ್ನು ಬಿಚ್ಚಿ ದುರಸ್ತಿ ಮಾಡುವ ನುರಿತವರೂ ನಗರಗಳಲ್ಲಿದ್ದಾರೆ. ಹಾನಿ ಅಲ್ಪವಾಗಿದ್ದರೆ ಇದೂ ಒಂದು ದಾರಿ.

ಪಿಕಪ್‌ಗೂ ಒಂದು ಪಂಚಾಂಗ

ತೋಟಕ್ಕೆ ತಿಂಗಳವಾರು ಕೆಲಸ ಇರುವಂತೆ ಪಿಕಪ್‌ಗೂ ಇಟ್ಟುಕೊಳ್ಳಿ.

ಮೇ: ಮಳೆಗೆ ಮುನ್ನ ಬ್ಯಾಟರಿಯ ತುದಿಗಳನ್ನೂ ಅರ್ತ್ ಬೋಲ್ಟುಗಳನ್ನೂ ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಹರಿದ ತಂತಿಯ ಹೊದಿಕೆ ಸರಿಪಡಿಸಿ.

ಜೂನ್‌ನಿಂದ ಸೆಪ್ಟೆಂಬರ್: ನೀರು ಹರಿಯುವ ಸೇತುವೆ, ತೋಡುಗಳಿಗೆ ವಾಹನ ಇಳಿಸಬೇಡಿ. ಇಸಿಎಂಗಿಂತ ಜೀವ ದೊಡ್ಡದು. ಮೈಲುತುತ್ತವನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮಾತ್ರ ಸಾಗಿಸಿ, ಅದೇ ಸಂಜೆ ಪಿಕಪ್‌ನ ಹಲಗೆ ತೊಳೆಯಿರಿ. ಸ್ಪ್ರೇಯರಿನಿಂದ ಎಂಜಿನ್ ತೊಳೆಯುವುದನ್ನು ಬಿಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಅಕ್ಟೋಬರ್: ಕೊಯ್ಲಿಗೆ ಮುನ್ನ ಬ್ಯಾಟರಿ ಮತ್ತು ಅರ್ತ್ ಪರೀಕ್ಷೆ ಮಾಡಿ. ಒಮ್ಮೆ ಸ್ಕ್ಯಾನರ್ ಹಾಕಿಸಿ ಸಂಕೇತಗಳನ್ನು ಪುಸ್ತಕದಲ್ಲಿ ಬರೆದಿಡಿ. ಇಲಿ ಕಡಿತ ನೋಡಿ.

ನವೆಂಬರ್‌ನಿಂದ ಫೆಬ್ರವರಿ: ಎಂಜಿನ್ ದೀಪ ಹತ್ತಿದರೆ ಅಂದೇ ಗಮನ ಕೊಡಿ. ನಿಂತ ಜಾಗ, ಏರೋ ಇಳಿಜಾರೋ, ಎಂಜಿನ್ ಬಿಸಿಯಿತ್ತೋ ತಣ್ಣಗಿತ್ತೋ ಎಂದು ಚಾಲಕನಿಂದ ಬರೆಸಿಡಿ. ವೈದ್ಯನಿಗೆ ರೋಗಿಯ ಮಾತಿನಂತೆ ಮೆಕ್ಯಾನಿಕ್‌ಗೆ ಈ ಟಿಪ್ಪಣಿ ಬಹಳ ಉಪಯುಕ್ತ. ಪಿಕಪ್ ಕೈಕೊಟ್ಟರೆ ಹಣ್ಣು ಸಾಗಿಸಲು ನೆರೆಯ ತೋಟದವರೊಡನೆ ಮೊದಲೇ ಮಾತಾಡಿಕೊಂಡಿರಿ.

ರೈತ ಬಾಂಧವರೇ, ಮೆಕ್ಯಾನಿಕ್‌ಗಳೆಲ್ಲ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಅವಸರದಲ್ಲಿದ್ದವರು ನಾವು. "ಏನಾದರೂ ಮಾಡಿ, ನಾಳೆಗೆ ಗಾಡಿ ಬೇಕು" ಎಂದು ಒತ್ತಾಯಿಸಿದವರೂ ನಾವೇ. ಒಂದು ಗಂಟೆ ಪರೀಕ್ಷೆಗೆ ಕೊಟ್ಟಿದ್ದರೆ ನಾಲ್ಕು ದಿನವೂ ಎರಡು ದಿನದ ಹಣ್ಣೂ ಉಳಿಯುತ್ತಿದ್ದವು. ಆ ಕಿಲುಬು ಹಿಡಿದ ಕೇಬಲ್ಲಿನ ತುದಿಯನ್ನು ಅಣ್ಣ ಇಂದಿಗೂ ಕಣದ ಮನೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದಾನೆ. ಅದರ ಪಕ್ಕದಲ್ಲೇ ಈಗ ಒಂದು ಮಲ್ಟಿಮೀಟರೂ ಇದೆ. ನಿಮ್ಮ ಕಣದ ಮನೆಯಲ್ಲೂ ಒಂದು ಮಲ್ಟಿಮೀಟರ್ ಇರಲಿ. ಅದನ್ನು ಬಳಸಲು ಮನೆಯ ಒಬ್ಬರಾದರೂ ಕಲಿತಿರಲಿ.